ಹೆಸರು ಅಳಿದರೂ ಜಾಗ ಬಿಡದ ಫೈಲ್

ಲಿನಕ್ಸ್ ಸರ್ವರ್‌ನ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋಗಿದೆ ಎನ್ನಿ. ನೋಡಿಕೊಳ್ಳುವವರು ತಡಕಾಡಿ 40 ಜಿಬಿಯ ಒಂದು ಲಾಗ್ ಫೈಲ್ ಪತ್ತೆಮಾಡಿ ‘ಆರ್‌ಎಂ’ ಕಮಾಂಡ್ ಕೊಟ್ಟು ಅಳಿಸುತ್ತಾರೆ. ಪಟ್ಟಿಯಲ್ಲಿ ಫೈಲ್ ಈಗಿಲ್ಲ. ‘ಡಿಯು’ ಕಮಾಂಡ್ ಕೂಡ 40 ಜಿಬಿ ಕಡಿಮೆಯೇ ತೋರಿಸುತ್ತದೆ. ‘ಡಿಎಫ್’ ಕೇಳಿದರೆ ಮಾತ್ರ ಡಿಸ್ಕ್ ಇನ್ನೂ ನೂರಕ್ಕೆ ನೂರು ಭರ್ತಿ!

ಎರಡೂ ಹೇಳುತ್ತಿರುವುದು ನಿಜವೇ. ಡಿಯು ಫೋಲ್ಡರ್‌ಗಳ ಒಳಗೆಲ್ಲ ಇಳಿದು, ಕಣ್ಣಿಗೆ ಬಿದ್ದ ಫೈಲ್‌ಗಳು ಹಿಡಿದ ಜಾಗವನ್ನು ಕೂಡಿಸುತ್ತದೆ. ಡಿಎಫ್ ಫೈಲ್‌ಗಳ ಗೊಡವೆಗೆ ಹೋಗುವುದಿಲ್ಲ. ಎಷ್ಟು ಬ್ಲಾಕ್ ಖಾಲಿ ಇವೆ ಎಂದು ಫೈಲ್ ಸಿಸ್ಟಂ ಇಟ್ಟುಕೊಂಡಿರುವ ಲೆಕ್ಕವನ್ನೇ ಒಪ್ಪಿಸುತ್ತದೆ. ಹೆಸರಿಲ್ಲದ ಫೈಲ್ ಇದ್ದರೆ ಅದು ಡಿಯುಗೆ ಕಾಣದು, ಡಿಎಫ್‌ನಿಂದ ತಪ್ಪಿಸಿಕೊಳ್ಳದು.

ಹೆಸರಿಲ್ಲದ ಫೈಲ್ ಎಂದರೇನು? ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಸಂಗಡಿಗರು ಯುನಿಕ್ಸ್ ಕಟ್ಟುವಾಗ ಹೆಸರನ್ನೂ ಫೈಲನ್ನೂ ಬೇರೆಬೇರೆಯಾಗಿ ಇಟ್ಟರು. ಲಿನಕ್ಸ್ ಅದೇ ದಾರಿ ಹಿಡಿಯಿತು. ಫೈಲಿನ ಗಾತ್ರ, ಒಡೆತನ, ಅದರ ದತ್ತಾಂಶ ಯಾವ ಬ್ಲಾಕ್‌ಗಳಲ್ಲಿದೆ ಎಂಬುದೆಲ್ಲ ಐನೋಡ್ ಎಂಬ ದಾಖಲೆಯಲ್ಲಿರುತ್ತದೆ. ಹೆಸರಿರುವುದು ಡೈರೆಕ್ಟರಿಯಲ್ಲಿ, ಐನೋಡ್ ಸಂಖ್ಯೆಯ ಜೊತೆಗೆ. ಒಂದೇ ಐನೋಡ್‌ಗೆ ಹಲವು ಹೆಸರಿರಬಹುದು; ಎಷ್ಟು ಎಂಬ ಎಣಿಕೆ ಐನೋಡ್‌ನಲ್ಲೇ ಇರುತ್ತದೆ. ಆರ್‌ಎಂ ಒಂದು ಹೆಸರನ್ನು ತೆಗೆದು ಎಣಿಕೆಯನ್ನು ಒಂದು ಇಳಿಸುತ್ತದೆ, ಅಷ್ಟೆ. ಎಣಿಕೆ ಸೊನ್ನೆಗೆ ಬಂದರೂ ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಕರ್ನಲ್ ಅದರ ಬ್ಲಾಕ್‌ಗಳನ್ನು ಮುಟ್ಟುವುದಿಲ್ಲ. ಬಾಗಿಲ ಮೇಲಿನ ಹೆಸರಿನ ಫಲಕ ಕಿತ್ತ ಮಾತ್ರಕ್ಕೆ ಒಳಗಿರುವವರು ಮನೆ ಖಾಲಿ ಮಾಡಿದಂತಾಗುವುದಿಲ್ಲವಲ್ಲ!

ಇದನ್ನು ದೋಷ ಎನ್ನಬಾರದು. ನನಗಂತೂ ಯುನಿಕ್ಸ್‌ನ ಅತಿ ಚೆಲುವಾದ ಏರ್ಪಾಡುಗಳಲ್ಲಿ ಇದೂ ಒಂದು. ಅಪ್‌ಡೇಟ್ ನಡೆಯುವಾಗ ಹಳೆಯ ಲೈಬ್ರರಿ ಫೈಲ್ ಅಳಿದು ಹೊಸದು ಬಂದು ಕೂತರೂ, ಹಳೆಯದನ್ನು ಬಳಸುತ್ತಿರುವ ಪ್ರೋಗ್ರಾಂ ಕುಸಿಯದೆ ಓಡುತ್ತಿರುತ್ತದೆ. ಅದಕ್ಕೆ ಕಾರಣ ಈ ಏರ್ಪಾಡೇ.

ಅಳಿದ ಫೈಲನ್ನು ಹಿಡಿದಿಟ್ಟ ಪ್ರೋಗ್ರಾಂ ಯಾವುದೆಂದು ಹುಡುಕಲು ‘ಎಲ್‌ಎಸ್‌ಓಎಫ್’ ಎಂಬ ಕಮಾಂಡ್ ಇದೆ. ಹೆಸರಿನ ಎಣಿಕೆ ಒಂದಕ್ಕಿಂತ ಕಡಿಮೆಯಿರುವ, ಆದರೂ ತೆರೆದಿರುವ ಫೈಲ್‌ಗಳನ್ನಷ್ಟೇ ತೋರಿಸು ಎಂದು ಅದಕ್ಕೆ ಹೇಳಬಹುದು. ಹಾಗೆ ಹಿಡಿದಿಟ್ಟ ಸರ್ವಿಸ್ ಅನ್ನು ರೀಸ್ಟಾರ್ಟ್ ಮಾಡಿದೊಡನೆ ಜಾಗ ಹಿಂತಿರುಗುತ್ತದೆ. ನಿಲ್ಲಿಸಲಾಗದ ಸರ್ವಿಸ್ ಆದರೆ ಲಾಗನ್ನು ಅಳಿಸುವ ಬದಲು ‘ಟ್ರಂಕೇಟ್’ ಕಮಾಂಡ್‌ನಿಂದ ಸೊನ್ನೆ ಗಾತ್ರಕ್ಕೆ ಇಳಿಸುವುದು ಜಾಣತನ. ಹೆಸರು ಉಳಿಯುತ್ತದೆ, ಬ್ಲಾಕ್‌ಗಳು ಬಿಡುಗಡೆಯಾಗುತ್ತವೆ. ಜಾಗ ಬಿಡಿಸಲು ಬೇರೆ ದಾರಿಗಳೂ ಇವೆ: ಸಿಸ್ಟಂಡಿಯ ಲಾಗ್ ಸಂಗ್ರಹವಾದ ಜರ್ನಲ್ ಬೆಳೆದಿದ್ದರೆ ‘ಜರ್ನಲ್‌ಸಿಟಿಎಲ್’ನ ವ್ಯಾಕ್ಯೂಮ್ ಆಯ್ಕೆ ಹಳೆಯದನ್ನು ಕತ್ತರಿಸುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಡೌನ್‌ಲೋಡ್ ಆದ ಪ್ಯಾಕೇಜ್‌ಗಳನ್ನು ತೆರವು ಮಾಡಲು ‘ಆಪ್ಟ್ ಕ್ಲೀನ್’ ಸಾಕು.

ಇನ್ನೊಂದು ವಿಚಿತ್ರ ಸ್ಥಿತಿಯೂ ಉಂಟು. ಡಿಎಫ್ ಪ್ರಕಾರ ಜಾಗ ಧಾರಾಳವಾಗಿದೆ, ಆದರೂ ಹೊಸ ಫೈಲ್ ಬರೆಯಹೋದರೆ ಡಿಸ್ಕ್‌ನಲ್ಲಿ ಜಾಗವಿಲ್ಲ ಎಂಬ ದೂರು. ಅಲ್ಲಿ ಮುಗಿದಿರುವುದು ಐನೋಡ್‌ಗಳು. ಎಕ್ಸ್ಟ್4 ಫೈಲ್ ಸಿಸ್ಟಂ ಫಾರ್ಮ್ಯಾಟ್ ಆಗುವಾಗಲೇ, ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ, ಐನೋಡ್‌ಗಳ ಸಂಖ್ಯೆ ಗೊತ್ತುಮಾಡಿಕೊಳ್ಳುತ್ತದೆ. ಚಿಲ್ಲರೆ ಗಾತ್ರದ ಲಕ್ಷಾಂತರ ಸೆಷನ್ ಫೈಲ್‌ಗಳು ಅವನ್ನೆಲ್ಲ ನುಂಗಿಬಿಡಬಲ್ಲವು. ಡಿಎಫ್‌ಗೆ ‘ಐ’ ಆಯ್ಕೆ ಸೇರಿಸಿದರೆ ಈ ಲೆಕ್ಕ ಸಿಗುತ್ತದೆ. ಆಗ ದೊಡ್ಡ ಫೈಲ್ ಹುಡುಕಿ ಫಲವಿಲ್ಲ. ಯಾವ ಫೋಲ್ಡರ್‌ನಲ್ಲಿ ಫೈಲ್‌ಗಳ ಸಂಖ್ಯೆ ಹೆಚ್ಚು ಎಂದು, ಡಿಯುವಿನ ‘ಐನೋಡ್ಸ್’ ಆಯ್ಕೆಯಿಂದ ನೋಡಬೇಕು.