ಹಿಂದಿನ ಆಸನದ ಸೀಟ್ ಬೆಲ್ಟು

ಓಡುತ್ತಿರುವ ಬಸ್ಸು ಥಟ್ಟನೆ ನಿಂತರೆ ಒಳಗೆ ನಿಂತವರು ಮುಂದಕ್ಕೆ ಮುಗ್ಗರಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬಸ್ಸಿನ ಚಲನೆ ನಿಂತರೂ ದೇಹದ ಚಲನೆ ನಿಂತಿರುವುದಿಲ್ಲ. ಜಡತ್ವದ ಈ ನಿಯಮವೇ ವಾಹನಗಳ ಸುರಕ್ಷತೆಗೆ ತಳಹದಿ.

ಪಿಕಪ್ ಟ್ರಕ್ಕು ಎಂದರೆ ನಮ್ಮಲ್ಲಿ ಸರಕು ಸಾಗಿಸುವ ವಾಹನ. ಅಮೆರಿಕದಲ್ಲಾದರೋ ಟೊಯೋಟ ಟಕೋಮ, ಫೋರ್ಡ್ ರೇಂಜರ್ ಮೊದಲಾದ ಮಧ್ಯಮ ಗಾತ್ರದ ಪಿಕಪ್ಪುಗಳಿಗೆ ನಾಲ್ಕು ಬಾಗಿಲುಗಳೂ ಹಿಂದೆ ಮತ್ತೊಂದು ಸಾಲು ಆಸನಗಳೂ ಇರುವುದುಂಟು. ಎಷ್ಟೋ ಸಂಸಾರಗಳಿಗೆ ಅದೇ ಮನೆಯ ಕಾರು. ಮಕ್ಕಳು ಕುಳಿತುಕೊಳ್ಳುವುದು ಆ ಹಿಂದಿನ ಸಾಲಿನಲ್ಲಿ. ಆದುದರಿಂದ ಇವುಗಳನ್ನು ಹೋಲಿಸುವಾಗ ಅಲ್ಲಿಯ ರಕ್ಷಣೆ ಎಂಥದೆಂಬುದನ್ನು ಮುಖ್ಯವಾಗಿ ನೋಡಬೇಕು.

ಒಂದು ಲೆಕ್ಕವನ್ನು ಮಾಡೋಣ. ಗಂಟೆಗೆ 64 ಕಿಲೋಮೀಟರು, ಅಂದರೆ ಸೆಕೆಂಡಿಗೆ ಸುಮಾರು 17.8 ಮೀಟರು ವೇಗದಲ್ಲಿ ಹೋಗುತ್ತಿರುವ 50 ಕಿಲೋಗ್ರಾಂ ದೇಹದ ಚಲನಶಕ್ತಿ ಸುಮಾರು 7,900 ಜೌಲು. ವಾಹನದ ಮೂತಿ ನಜ್ಜುಗುಜ್ಜಾಗುತ್ತ 60 ಸೆಂಟಿಮೀಟರಿನಲ್ಲಿ ನಿಂತಿತೆನ್ನೋಣ. ವಾಹನದೊಡನೆಯೇ ದೇಹವೂ ನಿಂತರೆ ಅದರ ಮೇಲಿನ ಸರಾಸರಿ ಬಲ ಸುಮಾರು 13,000 ನ್ಯೂಟನ್. ಇದು ದೇಹದ ತೂಕದ 27 ರಷ್ಟು! ನಿಲ್ಲುವ ದೂರ ಇನ್ನು 20 ಸೆಂಟಿಮೀಟರು ಹೆಚ್ಚಿದರೆ ಬಲವು ಸುಮಾರು 9,900 ನ್ಯೂಟನ್ನಿಗೆ ಇಳಿಯುತ್ತದೆ.

ಈ ತತ್ತ್ವವನ್ನೇ ಬಳಸುವ ಎರಡು ಸಾಧನಗಳು ಮುಂದಿನ ಆಸನಗಳ ಬೆಲ್ಟುಗಳಲ್ಲಿ ಸಾಮಾನ್ಯವಾಗಿವೆ. ಮೊದಲನೆಯದು, ಡಿಕ್ಕಿಯಾದ ಕ್ಷಣದಲ್ಲಿಯೇ ಪುಟ್ಟ ಸಿಡಿಮದ್ದಿನ ಅನಿಲಬಲದಿಂದ ಬೆಲ್ಟಿನ ಸಡಿಲವನ್ನು ಎಳೆದು ಬಿಗಿಮಾಡುತ್ತದೆ. ಇದರಿಂದ ದೇಹವು ಆರಂಭದಿಂದಲೇ ವಾಹನದೊಡನೆ ನಿಧಾನಗೊಳ್ಳುತ್ತದೆ. ಎರಡನೆಯದು, ಸೆಳೆತವು ಒಂದು ಮಿತಿಯನ್ನು ಮೀರಿದಾಗ ಬೆಲ್ಟನ್ನು ತುಸುತುಸುವೇ ಬಿಡುತ್ತದೆ. ಎದೆಗೂಡಿನ ಮೇಲಿನ ಒತ್ತಡ ಮಿತಿಯಲ್ಲಿರುತ್ತದೆ. ಹಿಂದಿನ ಆಸನಗಳಿಗೆ ಇವು ಎಲ್ಲ ವಾಹನಗಳಲ್ಲಿಯೂ ಇಲ್ಲ. ಅಲ್ಲಿ ಎದುರಿಗೆ ಗಾಳಿಚೀಲವೂ ಸಾಮಾನ್ಯವಾಗಿ ಇರುವುದಿಲ್ಲ.

ಈ ವ್ಯತ್ಯಾಸದ ಪರಿಣಾಮವನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯು ಪರೀಕ್ಷಿಸಿತು. ವಾಹನವನ್ನು 64 ಕಿಲೋಮೀಟರು ವೇಗದಲ್ಲಿ, ಅದರ ಅಗಲದ ಶೇಕಡಾ 40 ಭಾಗ ಮಾತ್ರ ತಗಲುವಂತೆ, ಮಣಿಯುವ ತಡೆಗೋಡೆಗೆ ಹಾಯಿಸಲಾಯಿತು. ಚಾಲಕನ ಹಿಂದೆ, 12 ವರ್ಷದ ಬಾಲಕನಷ್ಟು ಗಾತ್ರದ ಬೊಂಬೆಯನ್ನು ಕೂರಿಸಲಾಗಿತ್ತು. 2023 ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಪರೀಕ್ಷೆಗೊಳಗಾದ ಐದು ಪಿಕಪ್ಪುಗಳ ಪೈಕಿ ಒಂದೂ 'ಉತ್ತಮ' ಎನಿಸಿಕೊಳ್ಳಲಿಲ್ಲ. ನಿಸಾನ್ ಫ್ರಾಂಟಿಯರ್ ಅದರ ಕೆಳಗಿನ ದರ್ಜೆಯನ್ನೂ ಫೋರ್ಡ್ ರೇಂಜರ್ ಮೂರನೆಯದನ್ನೂ ಪಡೆದವು. ಷೆವ್ರೊಲೆ ಕೊಲರಾಡೊ, ಜೀಪ್ ಗ್ಲಾಡಿಯೇಟರ್, ಟೊಯೋಟ ಟಕೋಮಗಳಿಗೆ ದೊರೆತದ್ದು 'ಕಳಪೆ' ಎಂಬ ಕೊನೆಯ ದರ್ಜೆ. ಇದು ಅಂದು ಪರೀಕ್ಷಿಸಿದ ಮಾದರಿಗಳ ಮಾತು. ಮುಂದೆ ಬಂದ ಮಾದರಿಗಳನ್ನು ಬೇರೆಯಾಗಿಯೇ ಅಳೆಯಬೇಕು.

ಹಾಗಾದರೆ ಮಕ್ಕಳನ್ನು ಮುಂದೆ ಕೂರಿಸಬೇಕೇ? ಖಂಡಿತ ಕೂಡದು. ಉಬ್ಬುವ ಗಾಳಿಚೀಲದ ಹೊಡೆತವೇ ಅವರಿಗೆ ಅಪಾಯ. 13 ವರ್ಷದೊಳಗಿನವರಿಗೆ ಹಿಂದಿನ ಆಸನವೇ ಕ್ಷೇಮವೆಂದು ಅದೇ ಸಂಸ್ಥೆಯು ಹೇಳುತ್ತದೆ. ಸುಧಾರಿಸಬೇಕಾದದ್ದು ಹಿಂದಿನ ಬೆಲ್ಟು.

ಹಿಂದೆ ಕುಳಿತವರಿಗೆ ಬೆಲ್ಟೇಕೆ ಎಂಬ ಉದಾಸೀನ ನಮ್ಮಲ್ಲಿಯೂ ಉಂಟು. ಬೆಲ್ಟಿಲ್ಲದ ಅದೇ 50 ಕಿಲೋಗ್ರಾಂ ದೇಹ ಮುಂದಿನ ಆಸನಕ್ಕೆ ಬಡಿದು 10 ಸೆಂಟಿಮೀಟರಿನಲ್ಲಿ ನಿಂತರೆ ಬಲವೆಷ್ಟಾದೀತು? ವಿದ್ಯಾರ್ಥಿಗಳು ತಾವೇ ಭಾಗಾಕಾರ ಮಾಡಿ ನೋಡಲಿ. ಉತ್ತರ ದೊರೆತ ಬಳಿಕ ಬೆಲ್ಟು ಕಟ್ಟಿಕೊಳ್ಳಿರೆಂದು ಯಾರೂ ಹೇಳಬೇಕಾಗದು.