ಸಂಜೆಯ ಅಭ್ಯಾಸಕ್ಕೆ ಮಧ್ಯಾಹ್ನದಿಂದಲೇ ಸಿದ್ಧತೆ

ಶಾಲೆ, ಕಚೇರಿಗಳ ಕೆಲಸ ಮುಗಿಸಿ ಸಂಜೆ 6 ಗಂಟೆಗೆ ಗರಡಿಮನೆಗೋ ಕರಾಟೆ ತರಗತಿಗೋ ಹೋಗುವವರಲ್ಲಿ ಅನೇಕರು ಆರಂಭದಲ್ಲಿಯೇ ಬಸವಳಿಯುತ್ತಾರೆ. ಇದನ್ನು ಸೋಮಾರಿತನವೆಂದು ಗದರಿಸುವುದು ಸಲ್ಲದು. ಮಧ್ಯಾಹ್ನ 1 ಗಂಟೆಗೆ ಉಂಡವರು ಆಮೇಲೆ ಏನನ್ನೂ ಸೇವಿಸದಿದ್ದರೆ ದಣಿಯುವುದು ಸಹಜ. ದಣಿದಾಗ ಗಮನ ಚದುರುತ್ತದೆ, ಹೆಜ್ಜೆ ತಪ್ಪುತ್ತದೆ, ಪೆಟ್ಟಾಗುತ್ತದೆ.

ಮಧ್ಯಾಹ್ನದ ಊಟದಲ್ಲಿ ರೊಟ್ಟಿ, ಅನ್ನದೊಂದಿಗೆ ಬೇಳೆ, ಕಾಳುಪಲ್ಯ, ಮಜ್ಜಿಗೆ ಇರಲಿ. ಅಭ್ಯಾಸಕ್ಕೆ ಒಂದು ತಾಸು ಮೊದಲು ಒಂದು ಬಾಳೆಹಣ್ಣು, ಇಲ್ಲವೇ ಎರಡು ಮೂರು ಖರ್ಜೂರ, ಇಲ್ಲವೇ ಸ್ವಲ್ಪ ಅವಲಕ್ಕಿ ಸಾಕು. ಇವು ಬೇಗ ಜೀರ್ಣವಾಗಿ ಸ್ನಾಯುಗಳಿಗೆ ಒದಗುತ್ತವೆ. ಮಿರ್ಚಿ ಭಜಿಯಂತಹ ಕರಿದ ತಿನಿಸು ಜಠರದಲ್ಲಿ ಬಹುಹೊತ್ತು ಉಳಿದು ಹೊಟ್ಟೆ ಭಾರವಾಗಿಸುತ್ತದೆ. ನೀರನ್ನು ಕೊನೆಗಳಿಗೆಯಲ್ಲಿ ಒಮ್ಮೆಲೇ ಕುಡಿಯದೆ, ಮಧ್ಯಾಹ್ನದಿಂದಲೇ ಆಗಾಗ ಕುಡಿಯುವುದು ಲೇಸು.

ಚಹಾ ಚುರುಕು ಮೂಡಿಸುತ್ತದೆಯೇ ಹೊರತು ಆಹಾರದ ಸ್ಥಾನ ತುಂಬುವುದಿಲ್ಲ. ಅದರ ಕೆಫೀನಿನ ಅರ್ಧದಷ್ಟು ಅಂಶ ಸುಮಾರು 5 ತಾಸುಗಳ ನಂತರವೂ ಶರೀರದಲ್ಲಿದ್ದು ರಾತ್ರಿಯ ನಿದ್ರೆಯನ್ನು ಕೆಡಿಸಬಲ್ಲದು. ನಿದ್ರೆ ಕೆಟ್ಟರೆ ಮರುದಿನ ಮತ್ತೆ ಅದೇ ಆಯಾಸ. ಮಕ್ಕಳಿಗಂತೂ ಎನರ್ಜಿ ಡ್ರಿಂಕ್ ಕೊಡಲೇಬಾರದು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಅಭ್ಯಾಸ ಆರಂಭಿಸಬೇಕು. ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲಿಡುವುದು ರಕ್ತದ ಸಕ್ಕರೆ ಕುಸಿದ ಸೂಚನೆಗಳಾಗಿರಬಹುದು. ಕೂಡಲೇ ನಿಲ್ಲಿಸಿ ಸಕ್ಕರೆ ನೀರು ಕುಡಿಯಬೇಕು.

ಚೆನ್ನಾಗಿ ಉಂಡು, ನಿದ್ರಿಸಿದರೂ ವಾರಗಟ್ಟಲೆ ಆಯಾಸ ಉಳಿದರೆ ರಕ್ತಹೀನತೆಯ ಪರೀಕ್ಷೆ ಮಾಡಿಸುವುದು ಅಗತ್ಯ. ಹದಿಹರೆಯದ ಹೆಣ್ಣುಮಕ್ಕಳ ವಿಷಯದಲ್ಲಿ ಪಾಲಕರು ಇದನ್ನು ಮುಂದೂಡಬಾರದು.