ರಾಕ್ಷಸನಲ್ಲಿ ನಮಗೇಕೆ ಅಕ್ಕರೆ?

ಒಳ್ಳೆಯವನು ಎಲ್ಲರಿಗೂ ಪ್ರಿಯನಾಗುವನು, ಕೆಟ್ಟವನು ಯಾರಿಗೂ ಬೇಡವಾಗುವನು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಭಟ್ಕಳ, ಹೊನ್ನಾವರ, ಕುಮಟೆಗಳ ಸೀಮೆಯಲ್ಲಿ ಒಂದು ರಾತ್ರಿ ಬಡಗುತಿಟ್ಟಿನ ಆಟವನ್ನು ನೋಡಿದರೆ ಈ ತಿಳಿವಳಿಕೆ ಅಲುಗಾಡುತ್ತದೆ. ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (೧೯೩೩–೨೦೧೭) ಜನರ ಮನಸ್ಸನ್ನು ಗೆದ್ದದ್ದು ಮುಖ್ಯವಾಗಿ ಭಸ್ಮಾಸುರ, ಕೀಚಕ ಮೊದಲಾದ ವೇಷಗಳಿಂದ, ಧರ್ಮರಾಯನಿಂದಲ್ಲ. ೨೦೧೨ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಭಸ್ಮಾಸುರನು ವರವಿತ್ತ ಶಿವನ ತಲೆಯ ಮೇಲೆಯೇ ಕೈಯಿಡಹೊರಟ ಕೃತಘ್ನ. ಅಂಥವನು ಮೋಹಿನಿಯನ್ನು ಕಂಡೊಡನೆ ಬೇರೆಯೇ ಆಗಿಬಿಡುತ್ತಾನೆ. ಅವಳು ಕುಣಿದಂತೆ ಕುಣಿಯುತ್ತಾನೆ. ಹೆಜ್ಜೆ ಸರಿಬಂದರೆ ಎಳೆಯ ಹುಡುಗನಂತೆ ಹಿಗ್ಗುತ್ತಾನೆ. ಅವಳ ಕೈ ತಲೆಗೇರಿದಾಗ ಅವನ ಕೈಯೂ ಏರುತ್ತದೆ. ಮುಂದಾಗುವುದು ಕುಳಿತವರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ಆ ಗಳಿಗೆಯಲ್ಲಿ 'ಬೇಡವೋ' ಎಂದು ಕೂಗಿಬಿಡೋಣವೆನಿಸುತ್ತದೆ. ಅವನ ಗುಣವನ್ನು ತೂಗಿ ನಾವು ಒಲಿದವರಲ್ಲ. ತನ್ನನ್ನು ತಾನು ಮರೆತು, ಏನನ್ನೂ ಬಚ್ಚಿಡದೆ ನಮ್ಮೆದುರು ನಿಂತನಲ್ಲ, ಅದಕ್ಕೆ ಒಲಿದೆವು. ರನ್ನನ ದುರ್ಯೋಧನನೂ ರಣರಂಗದಲ್ಲಿ ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಮನಸಾರೆ ಹೊಗಳಿದಾಗಲೇ ನಮಗೆ ಹತ್ತಿರದವನಾಗುತ್ತಾನೆ.

ಕೀಚಕನ ಮಾತು ಇಷ್ಟು ಸುಲಭವಲ್ಲ. ಅವನ ಮೋಹಕ್ಕೂ ಅದೇ ಬೆಡಗು, ಅದೇ ಮೈಮರೆವು, ನಮ್ಮಿಂದ ಅದೇ ಚಪ್ಪಾಳೆ. ಆದರೆ ಭಸ್ಮಾಸುರನಿಗೆ ಎದುರಾದವಳು ಹೆಣ್ಣಿನ ರೂಪ ತಾಳಿದ ವಿಷ್ಣು, ಅವಳಿಗೆ ಭಯವಿಲ್ಲ. ಕೀಚಕನಿಗೆ ಎದುರಾದವಳು ರಾಣಿಯ ಊಳಿಗದ ಸೈರಂಧ್ರಿ. ಆಕೆ ಒಲ್ಲೆನೆಂದಳು, ಓಡಿದಳು, ತುಂಬಿದ ಸಭೆಯಲ್ಲಿ ಅವನಿಂದ ಒದೆ ತಿಂದಳು. ವಿರಾಟನು ನೋಡುತ್ತ ಕುಳಿತನು. ಅವನಿಗೂ ಕೀಚಕನು ಬೇಕಾದವನೇ ಅಲ್ಲವೆ? ಭಾವಮೈದುನ, ಮೇಲಾಗಿ ಸೇನಾಪತಿ. ಚಪ್ಪಾಳೆ ತಟ್ಟುತ್ತಿರುವಾಗ ನಾವು ಕುಳಿತಿರುವುದು ಯಾರ ಪೀಠದಲ್ಲಿ ಎಂಬ ಶಂಕೆ ನಮಗೆ ಹಲವು ಸಲ ಬಂದಿದೆ. ಕಲಾವಿದರ ಅಭಿಮಾನಿಗಳು ಮುನಿಯಬಾರದು; ಹೆಜ್ಜೆಯ ಸೊಗಸನ್ನು ನಾವು ಅಲ್ಲಗಳೆಯುತ್ತಿಲ್ಲ.

ಇಲ್ಲಿ ಬಹುಭಾಗ ನಿಂತಿರುವುದು ಸ್ತ್ರೀವೇಷದವನ ಮೇಲೆ. ಅವನು ಬರಿದೆ ನಾಚಿ ಸರಿದರೆ ರಾತ್ರಿಯೆಲ್ಲ ಕೀಚಕನದೇ. ಸಮರ್ಥನಾದವನು ಒಂದು ಹೆಜ್ಜೆ ಹಿಂದೆ ಸರಿದು, ಸಭೆಯತ್ತ ತಿರುಗಿ, ಸುಮ್ಮನೆ ನಮ್ಮನ್ನು ನೋಡುತ್ತಾನೆ. ಆಗ ಅದೇ ಕುಣಿತಕ್ಕೆ ಏಳುತ್ತಿದ್ದ ಚಪ್ಪಾಳೆ ನಡುವೆಯೇ ನಿಂತುಹೋದುದನ್ನು ನಾವು ಕೇಳಿದ್ದೇವೆ.